ಕ್ಲೌಡಿನ ಏಜೆಂಟನಿಗೊಂದು ಕುರ್ಚಿ

ಜಗತ್ತಿನಲ್ಲಿ ಕೆಂಪು ಬಣ್ಣ ಅನ್ನುವುದೇ ಇಲ್ಲ! ನಗಬೇಡಿ, ಇದು ನನ್ನ ಸಂಶೋಧನೆಯಲ್ಲ, ನಮ್ಮ ಮಾಮಾನದು. ಮಾಮಾ ಅಂದರೆ ನನ್ನ ತಾಯಿಯ ತಮ್ಮ. ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಅವರದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆಗೆ ಹೊಂದುವ ಬ್ಲೌಸ್ ಪೀಸು, ಅದರ ಒಳಗಿನ ಅಸ್ತರು, ಕೆಳ ಅಂಚಿಗೆ ಹಚ್ಚುವ ಫಾಲ್ಸ್, ಲಂಗದ ಬಟ್ಟೆ, ಇಷ್ಟೇ ಅಲ್ಲಿಯ ಮಾಲು. ಅಜ್ಜನ ಕಾಲದಿಂದಲೂ ಇದನ್ನೇ ಮಾರಿಕೊಂಡು ಬಂದಿದ್ದಾರೆ. ಗಿರಾಕಿಯ ಜೊತೆ ತೆಲುಗು, ವ್ಯಾಪಾರಿಗಳ ಜೊತೆ ಹಿಂದಿ, ಸಿಟ್ಟು ಬಂದರೆ ಮಾತ್ರ ಕನ್ನಡ. ಹೀಗಾಗಿ ಅಂಗಡಿಯಲ್ಲಿ ಕನ್ನಡ ಬೇಕಾದಷ್ಟು ಕೇಳಿಸುತ್ತದೆ.

ಮದುವೆಯಾದ ಹೊಸತರಲ್ಲಿ ಹೆಂಡತಿಯ ಸೀರೆ ಹಿಡಿದುಕೊಂಡು ಹೋಗಿ, "ಮಾಮಾ, ಇದಕ್ಕೊಂದು ಕೆಂಪು ಬ್ಲೌಸ್ ಪೀಸ್ ಕೊಡ್ರಿ" ಅಂದುಬಿಟ್ಟೆ. ಅಂಗಡಿ ತುಂಬ ಗಿರಾಕಿಗಳಿದ್ದರು. ಮಾಮಾ ಎದ್ದು ನಿಂತು, ಎಲ್ಲರಿಗೂ ನನ್ನನ್ನು ಪರಿಚಯಿಸಿದರು.

"ನೋಡ್ರಿ, ಇಂವ ನಮ್ಮಕ್ಕನ ಮಗ. ಎಂ.ಕಾಂ. ಮಾಡ್ಯಾನ. ಗಚ್ಚಿಬೌಲಿ ಕಂಪನಿಯಾಗ ಲೆಕ್ಕ ಬರೀತಾನ. ಇಂವಗ ಕೆಂಪು ಬೇಕಂತ! ಏನೋ ಅಳಿಯಾ, ನಿನ್ನ ಹೇಣ್ತಿ ಪೋಸ್ಟಿನ ಡಬ್ಬಿ ಉಟ್ಕೋತಾಳೇನು?"

ಪಾಪ, ಆ ಗಿರಾಕಿಗಳಲ್ಲಿ ಅರ್ಧ ಜನಕ್ಕೆ ಕನ್ನಡ ಬರುತ್ತಿರಲಿಲ್ಲ. ಆದರೂ ನಕ್ಕರು. ಅವಮಾನಕ್ಕೆ ಭಾಷೆ ಯಾಕೆ ಬೇಕು, ಹೇಳಿ!

ಕೆಂಪು ಇಲ್ಲದಿದ್ದರೆ ಮತ್ತೇನಿದೆ ಅಂತ ಕೇಳುತ್ತೀರಾ? 'ಅತ್ತಿ ಸಿಟ್ಟು' ಇದೆ. ಮಾಮಿಯ ತವರು ಶಹಾಬಾದ. ಅಲ್ಲಿಯ ಅತ್ತೆಗೆ, ಅಂದರೆ ಮಾಮಿಯ ತಾಯಿಗೆ, ಕೋಪ ಬಂದಾಗ ಕಿವಿಯ ತುದಿಯಲ್ಲಿ ಏರುತ್ತಿದ್ದ ಕಡುಗೆಂಪಿಗೆ ಆ ಹೆಸರು. ಹಾಲು ಕಡಿಮೆ, ನೀರು ಜಾಸ್ತಿ ಇರುವ ಕಂದು ಬಣ್ಣಕ್ಕೆ 'ಬೀಗರ ಚಹಾ'. ಒಂದೇ ತೊಳೆತಕ್ಕೆ ಬಿಟ್ಟುಹೋಗುವ ನೀಲಿಗೆ 'ಭಾವಮೈದುನನ ಮಾತು'. ಇದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ತೆಳು ಕೆನೆಬಣ್ಣಕ್ಕೆ 'ಮಾವನ ಉಡುಗೊರಿ'. ಹೀಗೆ ಅಂಗಡಿಯ ಗೋಡೆಗಳ ಮೇಲೆ, ನೆಲದಿಂದ ಸೂರಿನ ತನಕ, ಮಾಮಿಯ ತವರಿನವರೆಲ್ಲ ಮಡಿಕೆ ಮಡಿಕೆಯಾಗಿ ಕುಳಿತಿದ್ದಾರೆ. ಟಿಫಿನ್ ಡಬ್ಬಿ ತರುವ ಮಾಮಿಗೆ ಇದೆಲ್ಲ ಕೇಳಿಸುತ್ತಿರಲಿಲ್ಲವೇ? ಕೇಳಿಸುತ್ತಿತ್ತು. "ಬಾಯಿ ಬಿಟ್ರ ನಮ್ಮ ಮನಿಯವರ ನೆಪ್ಪ ಆಗ್ತಾರ ನಿಮಗ" ಅಂತ ಡಬ್ಬಿಯನ್ನು ಗಲ್ಲೆಯ ಮೇಲೆ ಸ್ವಲ್ಪ ಜೋರಾಗಿಯೇ ಇಡುತ್ತಿದ್ದರು.

ಬಣ್ಣ ನೋಡುವುದಕ್ಕೆ ಮಾಮಾನದೇ ಒಂದು ವಿಧಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅವರು ಎಂದೂ ಬಣ್ಣ ನೋಡಿದವರಲ್ಲ. ಸೀರೆ ಮತ್ತು ಬಟ್ಟೆಯ ಥಾನು ಎರಡನ್ನೂ ಎತ್ತಿಕೊಂಡು ಹೊಸ್ತಿಲಿಗೆ ಬರುತ್ತಾರೆ. ಹಗಲ ಬೆಳಕಿನಲ್ಲಿ ಒಂದರ ಮೇಲೊಂದು ಹಿಡಿದು, ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಾರೆ. ಅಷ್ಟೇ. ಆಮೇಲೆ ಅದು ಹೊಂದುವುದಿಲ್ಲ ಅಂತ ಯಾರೂ ವಾಪಸು ತಂದದ್ದನ್ನು ನಾನು ನೋಡಿಲ್ಲ. ಒಬ್ಬ ಹೆಣ್ಣುಮಗಳು ಸೀರೆ ತರದೆ ಮೊಬೈಲಿನಲ್ಲಿ ಅದರ ಫೋಟೋ ತೋರಿಸಿದ್ದಕ್ಕೆ, "ತಾಯಿ, ನಾಳೆ ಊಟಾನೂ ಫೋಟೋದಾಗ ಮಾಡ್ರಿ, ಹೊಟ್ಟಿ ತುಂಬತೈತಿ" ಎಂದು ಕನ್ನಡದಲ್ಲೇ ಹೇಳಿ, ತೆಲುಗಿನಲ್ಲಿ ನಮಸ್ಕಾರ ಮಾಡಿ ಕಳಿಸಿದ್ದರು.

ಇಂಥ ಮಾಮಾ ಒಂದು ದಿನ ನನಗೆ ಫೋನು ಮಾಡಿ, "ಅಳಿಯಾ, ನಾ ಸ್ಟಾರ್ಟಪ್ ತಗದೀನಿ" ಅಂದರು! ನಾನು ಮೊದಲು ಯಾವುದೋ ಸ್ಕೂಟರಿನ ವಿಷಯ ಇರಬೇಕು ಅಂದುಕೊಂಡೆ.

ಅದರ ಹಿಂದಿನ ಕಾರಣ ಮಾತ್ರ ನಗುವಂಥದ್ದಲ್ಲ. ಕೆಲ ದಿನಗಳ ಹಿಂದೆ ನಾನೇ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ, ಓಡಾಡುವುದಕ್ಕೆ ತೊಂದರೆಯಿಲ್ಲ, ಆದರೆ ಬಣ್ಣಗಳು ನಿಧಾನಕ್ಕೆ ತಿಳಿಯಾಗುತ್ತ ಹೋಗುತ್ತವೆ, ಹೋದದ್ದು ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಮಾಮಾ, "ಡಾಕ್ಟರ್ ಸಾಹೇಬ್ರ, ಕಿವಿ ಹೋಗ್ಲಿ, ಹಲ್ಲ ಹೋಗ್ಲಿ, ನಡೀತೈತಿ. ಬಣ್ಣನ ಹೋಗಬೇಕೇನ್ರಿ?" ಎಂದು ಕೇಳಿದರು. ಅವರ ಒಬ್ಬಳೇ ಮಗಳು ಪುಣೆಯಲ್ಲಿ ಹಲ್ಲಿನ ಡಾಕ್ಟರು; ಬಿಳಿ ಒಂದೇ ಬಣ್ಣ ಸಾಕು ಎಂದು ಹೋದವಳು. ಮಾಮಾನ ತಲೆಯಲ್ಲಿರುವ ಬಣ್ಣಗಳನ್ನು ಇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಕಣ್ಣು ಪೂರ್ತಿ ಬಾಡುವುದರೊಳಗೆ ಅದನ್ನೆಲ್ಲ ಎಲ್ಲಾದರೂ ಇಟ್ಟುಬಿಡಬೇಕು. ಅವರಿಗೆ ಹತ್ತಿದ ಚಿಂತೆ ಅದೊಂದೇ.

ಆಗ ಸಿಕ್ಕವಳು ಶ್ರಾವ್ಯ, ಮಂಗಳೂರಿನ ಹುಡುಗಿ. ಗಚ್ಚಿಬೌಲಿಯ ಕೆಲಸ ಬಿಟ್ಟು, ಸ್ವಂತದ್ದೇನಾದರೂ ಮಾಡುತ್ತೇನೆ ಅಂತ ಹೊರಟು, ಬಾಡಿಗೆ ಕಡಿಮೆ ಅಂತ ಕುಷಾಯಿಗೂಡದಲ್ಲಿ ಮಾಮಾನ ಮನೆಯ ಮೇಲಿನ ಮಹಡಿಗೆ ಬಂದಿದ್ದಳು. ಅಕ್ಕನ ಮದುವೆ ಸೀರೆಗೆ ಬ್ಲೌಸ್ ಹುಡುಕಿಕೊಂಡು ಅಂಗಡಿಗೆ ಹೋದವಳು ಮಾಮಾನ ಹೊಸ್ತಿಲ ವಿಧಿ ನೋಡಿ ದಂಗಾದಳಂತೆ.

"ಅಂಕಲ್, ನಿಮ್ಮ ಕಣ್ಣು ಉಂಟಲ್ಲ, ಅದನ್ನು ಕಂಪ್ಯೂಟರಿಗೆ ಕಲಿಸ್ಲಿಕ್ಕೆ ಆಗ್ತದೆ. ಸೀರೆ ಫೋಟೋ ಕಳಿಸಿದ್ರೆ ಯಾವ ಬಟ್ಟೆ ಹೊಂದ್ತದೆ ಅಂತ ಅದೇ ಹೇಳ್ತದೆ."

ಫೋಟೋ ಅಂದ ಕೂಡಲೇ ಬೈಯಬೇಕಿದ್ದ ಮಾಮಾ ಬೈಯಲಿಲ್ಲ. "ನನ್ನ ಕಣ್ಣ ಅದರಾಗ ಉಳೀತೈತೇನವಾ?" ಎಂದು ಕೇಳಿದರಂತೆ. ಉಳಿಯುತ್ತದೆ ಎಂದಳು. ಎಷ್ಟು ಖರ್ಚು ಎಂದರು. ಈ ಲೆಕ್ಕ ಮಾಡುವುದಕ್ಕೆ ದೊಡ್ಡ ದೊಡ್ಡ ಕಂಪ್ಯೂಟರು ಬೇಕು, ಅದನ್ನು ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಗಳಿವೆ, ಹೊಸ ಸ್ಟಾರ್ಟಪ್ಪುಗಳಿಗೆ ಅವರು ಒಂದು ವರ್ಷಕ್ಕೆ ಇಷ್ಟು ಅಂತ ಕ್ರೆಡಿಟ್ ಕೊಡುತ್ತಾರೆ, ಅದು ಮುಗಿಯುವ ತನಕ ಕೈಯಿಂದ ಏನೂ ಕೊಡಬೇಕಾಗಿಲ್ಲ ಎಂದು ಶ್ರಾವ್ಯ ವಿವರಿಸಿದಳು.

"ಅಂದ್ರ ಫುಕಟ್?"

"ಹಾಂ ಅಂಕಲ್. ಫ್ರೀ."

ಮಾಮಾನ ಮುಖ ಅರಳಿತು. ಇಲ್ಲಿ ನಿಮಗೆ ಬಜಾರಿನ ಒಂದು ಪದ್ಧತಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ಅನಾಹುತ ಅರ್ಥವಾಗುವುದಿಲ್ಲ. ಹಬ್ಬಗಳ ಹಂಗಾಮಿಗೆ ಮುಂಚೆ ಸೂರತ್ತಿನ ಗಿರಣಿಗಳ ಕಡೆಯಿಂದ ಹೊಸ ಬಟ್ಟೆಯ ಸ್ಯಾಂಪಲ್ ಬರುತ್ತದೆ. ಫುಕಟ್. ಅದನ್ನು ಉಳಿಸಿ ವಾಪಸು ಕಳಿಸಿದರೆ ಏಜೆಂಟನಿಗೆ ಅವಮಾನ. ಬೇಗ ಖರ್ಚು ಮಾಡಿದವನೇ ಗಟ್ಟಿ ಅಂಗಡಿಕಾರ. ಸ್ಯಾಂಪಲ್ ಮುಗಿಯುವ ಹೊತ್ತಿಗೆ ಏಜೆಂಟ್ ಖುದ್ದಾಗಿ ಬರುತ್ತಾನೆ. ಕೂರುತ್ತಾನೆ. ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಮನೆ, ಮಕ್ಕಳು, ಮೊಣಕಾಲು ನೋವು, ಎಲ್ಲ ಮಾತಾಗಿ ಕೊನೆಗೆ ಕೈ ಕುಲುಕಿ ರೇಟು ಮಾತಾಡುತ್ತಾರೆ. ಆ ಕೈ ಕುಲುಕುವ ತನಕ ಒಂದು ಪೈಸೆಯ ಲೆಕ್ಕವೂ ಶುರುವಾಗುವುದಿಲ್ಲ. ಮಾಮಾ ಹುಟ್ಟಿದಾಗಿನಿಂದ ನೋಡಿದ ಫುಕಟ್ಟು ಇದೊಂದೇ. ಕ್ಲೌಡಿನ ಫುಕಟ್ಟೂ ಇದೇ ಎಂದು ಅವರು ನಂಬಿದ್ದರಲ್ಲಿ ತಪ್ಪೇನಿದೆ?

ಕೆಲಸ ಶುರುವಾಯಿತು. ದಿನಾ ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಹೊಸ್ತಿಲಲ್ಲಿ ಒಂದೊಂದೇ ಥಾನು ಬಿಚ್ಚಿ ಹಿಡಿಯುವುದು, ಶ್ರಾವ್ಯ ತನ್ನ ಹಳೆಯ ಫೋನಿನಲ್ಲಿ ಫೋಟೋ ತೆಗೆಯುವುದು, ಮಾಮಾ ಹೆಸರು ಹೇಳುವುದು. ಆಕೆ ನಂಬರು ಹಾಕೋಣ ಎಂದಳು. ಮಾಮಾ ಒಪ್ಪಲಿಲ್ಲ.

"ನಂಬರ್ ಜೈಲಿನಾಗ ಇರ್ತಾವ. ಬರಕೋ. ಇದು 'ಅತ್ತಿ ಸಿಟ್ಟು'. ಇದು 'ಅತ್ತಿ ಸಿಟ್ಟು ಇಳದ ಮ್ಯಾಲ'. ಇದು 'ಬೀಗರ ಚಹಾ'. ಇದು 'ಬೀಗರ ಚಹಾ, ಎರಡನೇ ಸಲ ಕಾಸಿದ್ದು'."

"ಎಂತ ಅಂಕಲ್ ಇದು, ಕಂಪ್ಯೂಟರಿಗೆ ನಿಮ್ಮ ಸಂಬಂಧಿಕರೆಲ್ಲ ಯಾಕೆ?"

"ಇರಲಿ. ಅದಕ್ಕೂ ಒಂದು ಮನಿತನ ಬ್ಯಾಡೇನು?"

ಕಂಪ್ಯೂಟರು ಸಂಬಂಧಿಕರನ್ನು ಬೇಗ ಕಲಿಯಿತು, ನನಗಿಂತ ಬೇಗ. ಶ್ರಾವ್ಯ ಅದಕ್ಕೊಂದು ಆ್ಯಪು ಮಾಡಿದಳು, ಜನ ಫೋಟೋ ಕಳಿಸತೊಡಗಿದರು. ಸಿಕಂದರಾಬಾದಿನ ಯಾರೋ ಒಬ್ಬರು ಸೀರೆಯನ್ನು ಸೋಫಾದ ಮೇಲೆ ಹರಡಿ ಫೋಟೋ ಕಳಿಸಿದ್ದರು. ಪಕ್ಕದಲ್ಲಿ ಅವರ ಯಜಮಾನರು ಬನಿಯನ್ನಿನಲ್ಲಿ ಪೇಪರು ಓದುತ್ತ ಕುಳಿತಿದ್ದರು. ಆ್ಯಪು ಸೀರೆಯನ್ನು ಬಿಟ್ಟು ಯಜಮಾನರನ್ನು ಹಿಡಿದುಕೊಂಡು, ಇವರಿಗೆ 'ಬೀಗರ ಚಹಾ' ಅಸ್ತರು ಹೊಂದುತ್ತದೆ ಎಂದು ಉತ್ತರ ಕೊಟ್ಟಿತು! ಶ್ರಾವ್ಯ ತಲೆ ಚಚ್ಚಿಕೊಂಡಳು. ಮಾಮಾ ಫೋಟೋವನ್ನು ಹೊಸ್ತಿಲಿಗೆ ಒಯ್ದು ನೋಡಿ, "ತಪ್ಪೇನು ಹೇಳೇತಿ? ಬರೋಬ್ಬರಿ ಹೇಳೇತಿ" ಎಂದರು. ಅವತ್ತಿನಿಂದ ಅವರಿಗೆ ಅದರ ಮೇಲೆ ಪೂರ್ತಿ ವಿಶ್ವಾಸ ಬಂತು.

ಆದರೆ ಒಂದು ಸಂಕಟ ಅವರನ್ನು ಕಾಡುತ್ತಿತ್ತು. ಸ್ಯಾಂಪಲ್ ಖರ್ಚಾಗುತ್ತಿಲ್ಲ! ಶ್ರಾವ್ಯ ಸಣ್ಣ ಕಂಪ್ಯೂಟರು ಬಾಡಿಗೆಗೆ ಹಿಡಿದು, ಕೆಲಸ ಮುಗಿದ ಮೇಲೆ ಆರಿಸುತ್ತಿದ್ದಳು. ಮಾಮಾನಿಗೆ ಇದು ಶುದ್ಧ ದರಿದ್ರತನವಾಗಿ ಕಂಡಿತು.

"ತಂಗಿ, ಏಜೆಂಟ್ ಬಂದ ನೋಡಿದ್ರ ಏನಂತಾನ? ಕೊಟ್ಟ ಮಾಲ್ ಹಂಗ ಬಿದ್ದೈತಿ, ಅಂಗಡಿ ನಡ್ಯಾಂಗಿಲ್ಲ ಅಂತಾನ. ದೊಡ್ಡದು ತಗೋ. ಬಂದ್ ಮಾಡಬ್ಯಾಡ. ನಮ್ಮ ಇಜ್ಜತ್ ಪ್ರಶ್ನೆ ಐತಿ."

"ಅಂಕಲ್, ಏಜೆಂಟ್ ಅಂತ ಯಾರೂ ಇಲ್ಲ ಮಾರ್ರೆ."

"ಮಾಲ್ ಕೊಟ್ಟ ಮ್ಯಾಲ ಏಜೆಂಟ್ ಇಲ್ಲದ ಹ್ಯಾಂಗ ಇರ್ತಾನ? ಆ ರೊಕ್ಕದ ಮಾತು ನಂಗ ಬಿಡು."

ವರ್ಷದ ಕೊನೆಯ ತನಕ ಅವಧಿ ಇದೆಯಲ್ಲ ಅಂದುಕೊಂಡು ಆಕೆಯೂ ದೊಡ್ಡದನ್ನೇ ಹಿಡಿದಳು. ಹೇಳಿ ಮತ್ತೆ! ಮನೆಯಲ್ಲಿ ಮಾಮಿ ಒಗ್ಗರಣೆ ಹಾಕುತ್ತಿರುವಾಗಲೇ ಅಡುಗೆಮನೆಯ ಫ್ಯಾನು ಆರಿಸಿ ಹೋಗುವ ಮನುಷ್ಯ, ಅಲ್ಲೆಲ್ಲೋ ಕಾಣದ ಊರಿನಲ್ಲಿ ಆನೆಗಾತ್ರದ ಯಂತ್ರವನ್ನು ಹಗಲೂ ರಾತ್ರಿ ಓಡಿಸುತ್ತಿದ್ದರು. "ಇಲ್ಲಿ ನನ್ನ ಬೆವರು ಇಳೀತೈತಿ, ಅಲ್ಲಿ ಯಾರಿಗೆ ಗಾಳಿ ಹಾಕಾಕತ್ತೀರಿ?" ಎಂದು ಮಾಮಿ ಕೇಳಿದರೆ, "ಅದು ಫುಕಟ್ ಐತಿ, ಇದಕ್ಕ ಬಿಲ್ ಬರ್ತೈತಿ" ಎಂಬ ಉತ್ತರ. ಮಾಮಿ ಸೌಟು ತೋರಿಸಿದರು.

ಅಂಗಡಿಯಲ್ಲಿ ಏಜೆಂಟನಿಗಾಗಿ ಒಂದು ಮೆತ್ತೆಯ ಕುರ್ಚಿ ಬಂತು. ಅದರಲ್ಲಿ ಕೂರಲು ಹೋದರೆ ನನ್ನನ್ನೂ ಎಬ್ಬಿಸುತ್ತಿದ್ದರು. ಇತ್ತ ಕ್ಲೌಡ್ ಕಂಪನಿಯಿಂದ ಮಾಮಾನ ಫೋನಿಗೆ ಮೇಲ್ ಮೇಲೆ ಮೇಲ್ ಬರುತ್ತಿದ್ದವು. ಖಾತೆ ಅಂಗಡಿಯ ಯಜಮಾನರ ಹೆಸರಿನಲ್ಲೇ ಇರಬೇಕು ಅಂತ ಅವರೇ ಹಟ ಮಾಡಿದ್ದರಿಂದ, ಶ್ರಾವ್ಯಳಿಗೆ ಒಂದೂ ಹೋಗುತ್ತಿರಲಿಲ್ಲ. ಕ್ರೆಡಿಟ್ ಅರ್ಧ ಮುಗಿದಿದೆ, ಮುಕ್ಕಾಲು ಮುಗಿದಿದೆ, ಪೂರ್ತಿ ಮುಗಿದಿದೆ, ಇನ್ನು ಮೇಲೆ ಬಿಲ್ಲು ಶುರುವಾಗಿದೆ. ಇಂಗ್ಲಿಷಿನಲ್ಲಿ ಬಂದ ಈ ವಿನಯದ ಪತ್ರಗಳನ್ನೆಲ್ಲ ಅವರು ಮದುವೆಯ ಕರೆಯೋಲೆಗಳಂತೆ ನೋಡಿ, ಸಂತೋಷಪಟ್ಟು, ಫೋನು ಜೇಬಿಗಿಟ್ಟರು. ಆಮೇಲೆ ನಾನು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ಕಾಗದ ಬಂದಿತ್ತಪಾ. ಮನಷ್ಯಾ ಬಂದಿರಲಿಲ್ಲ."

ಮನುಷ್ಯ ಬಂದೂ ಬಂದ, ಒಂದು ಮಧ್ಯಾಹ್ನ! ನಾನು ಅಲ್ಲೇ ಇದ್ದೆ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೊರಳಿಗೆ ಕಂಪನಿಯ ಪಟ್ಟಿ, ಬಾಗಿಲಲ್ಲಿ ನಿಂತು ಒಳಗೆ ಇಣುಕುತ್ತಿದ್ದ. ಮಾಮಾ ಗಲ್ಲೆಯಿಂದ ಇಳಿದು ಕೈ ಹಿಡಿದು ಕರೆತಂದು ಮೆತ್ತೆಯ ಕುರ್ಚಿಯಲ್ಲಿ ಕೂರಿಸಿದರು. ಚಹಾ ಬಂತು. ಬಿಸ್ಕತ್ತು ಬಂತು. ಸಮೋಸಾ ಬಂತು. ಮನೆ, ಮಕ್ಕಳು, ಮೊಣಕಾಲು ಎಲ್ಲ ಆಯಿತು. "ಆಪ್‌ಕಾ ಮಾಲ್ ಬಹುತ್ ಅಚ್ಛಾ ಹೈ ಸಾಬ್, ಸಬ್ ಖತಮ್ ಕರ್ ದಿಯಾ" ಎಂದು, ಅಂದರೆ ಎಲ್ಲ ಖರ್ಚು ಮಾಡಿಬಿಟ್ಟಿದ್ದೇವೆ ಎಂದು, ಮಾಮಾ ಕೈ ಮುಗಿದರು. ಆತ ಗಾಬರಿಯಿಂದ ಎರಡನೆಯ ಸಮೋಸಾ ಕೆಳಗಿಟ್ಟ. ಅಷ್ಟರಲ್ಲಿ ಪಕ್ಕದ ಬಳೆ ಅಂಗಡಿಯಿಂದ ಒಬ್ಬ ಹೆಣ್ಣುಮಗಳು ಬಂದು, ನಿಮ್ಮನ್ನು ಎಲ್ಲಿ ಅಂತ ಹುಡುಕಲಿ ಎಂದು ತೆಲುಗಿನಲ್ಲಿ ಗದರಿ, ಅವನನ್ನು ಎಬ್ಬಿಸಿಕೊಂಡು ಹೋದಳು. ಹೆಂಡತಿಗಾಗಿ ಕಾಯುತ್ತಿದ್ದ ಪಾಪದ ಗಂಡ! ಮಾಮಾ ಮಾತ್ರ ಧೈರ್ಯ ಬಿಡಲಿಲ್ಲ. "ಇಂವ ಅಲ್ಲದಿದ್ರ ಇನ್ನೊಬ್ಬ ಬರ್ತಾನ" ಎಂದು ಉಳಿದ ಸಮೋಸಾ ನನಗೆ ಕೊಟ್ಟರು.

ಬತುಕಮ್ಮ ಹಬ್ಬ ಹತ್ತಿರ ಬಂದಿತ್ತು. ಹೈದರಾಬಾದಿನ ಹೆಂಗಸರೆಲ್ಲ ಹೊಸ ಸೀರೆಗೆ ಬ್ಲೌಸು ಹುಡುಕುವ ಕಾಲ. ಒಂದು ಬೆಳಿಗ್ಗೆ ಆ್ಯಪು ತೆರೆಯಲಿಲ್ಲ. ಶ್ರಾವ್ಯ ಓಡಿಬಂದು ಮಾಮಾನ ಫೋನು ಕಸಿದುಕೊಂಡು ನೋಡಿದಳು. ಅವಧಿ ಇನ್ನೂ ಬಾಕಿಯಿತ್ತು, ನಿಜ. ಆದರೆ ಕ್ರೆಡಿಟ್ಟಿನ ಮೊತ್ತ ಯಾವಾಗಲೋ ಮುಗಿದಿತ್ತು. ಆನೆಗಾತ್ರದ ಯಂತ್ರ ಓಡುತ್ತಲೇ ಇತ್ತು, ಬಿಲ್ಲು ಬೆಳೆಯುತ್ತಲೇ ಇತ್ತು. ಹಣ ಎಳೆದುಕೊಳ್ಳಲು ಕೊಟ್ಟಿದ್ದ ಬ್ಯಾಂಕ್ ಕಾರ್ಡಿನ ಹಿಂದೆ ಗ್ಯಾಸ್ ಸಬ್ಸಿಡಿ ಬಂದು ಬೀಳುವ ಖಾತೆ ಬಿಟ್ಟರೆ ಬೇರೇನೂ ಇರಲಿಲ್ಲ. ಕಂಪನಿ ಎಳೆಯಿತು, ಎಳೆಯಿತು, ಏನೂ ಬರಲಿಲ್ಲ, ಬಾಗಿಲು ಹಾಕಿತು. ಹಾಕಿ, ಇಷ್ಟು ದಿನದೊಳಗೆ ಬಾಕಿ ಕಟ್ಟದಿದ್ದರೆ ಒಳಗಿರುವುದನ್ನೆಲ್ಲ ಅಳಿಸುತ್ತೇವೆ ಎಂದು ಬರೆದಿತ್ತು. ಆ ಮೇಲ್ ಕೂಡ ಮಾಮಾನ ಫೋನಿನಲ್ಲೇ ಬಿದ್ದಿತ್ತು.

"ಹೆಸರುಗಳು? ಬಣ್ಣದ ಹೆಸರು ಬ್ಯಾರೆ ಕಡೆ ಇಟ್ಟೀ ಅಲ್ಲ?" ನಾನು ಕೇಳಿದೆ.

ಶ್ರಾವ್ಯಳ ಕಣ್ಣಲ್ಲಿ ನೀರು. "ಎರಡು ಕಾಪಿ ಇಟ್ಟಿದ್ದೆ. ಎರಡೂ ಅಲ್ಲೇ. ಫ್ರೀ ಉಂಟಲ್ಲ ಅಂತ."

ಮಾಮಾ ಯಾರನ್ನೂ ಬೈಯಲಿಲ್ಲ. ಎದ್ದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಡಬ್ಬಿ ಉಸ್ಮಾನಿಯಾ ಬಿಸ್ಕತ್ತು ಕಟ್ಟಿಸಿಕೊಂಡರು. "ಅವರು ಬರಲಿಲ್ಲ. ನಾವ ಹೋಗೂಣ. ಕುಂತ ಮಾತಾಡಿದ್ರ ಆಗೂದಿಲ್ಲ ಅನ್ನೂದು ಯಾವುದೈತಿ?"

ಸುಲ್ತಾನ್ ಬಜಾರಿನಿಂದ ಗಚ್ಚಿಬೌಲಿಗೆ ಟ್ರಾಫಿಕ್ಕಿನಲ್ಲಿ ಹೋಗುವುದೆಂದರೆ ಅರ್ಧ ಕಾಶಿಯಾತ್ರೆ. ದಾರಿಯುದ್ದಕ್ಕೂ ಮಾಮಾ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಕಂಪನಿಯ ಕಟ್ಟಡವಿತ್ತು, ಪೂರ್ತಿ ಗಾಜಿನದು. ಬಾಗಿಲಲ್ಲಿ ಸೆಕ್ಯುರಿಟಿಯವನು, ಯಾರನ್ನು ನೋಡಬೇಕು ಎಂದ. ನಮ್ಮ ಏಜೆಂಟರನ್ನು ಎಂದರು ಮಾಮಾ. ಹೆಸರು? ಗೊತ್ತಿಲ್ಲ. ಆತ ಒಳಗೆ ಫೋನು ಮಾಡಿ ಕೇಳಿ, ಇಲ್ಲಿ ಗಿರಾಕಿಗಳನ್ನು ನೋಡುವವರು ಯಾರೂ ಇಲ್ಲವಂತೆ, ಏನಿದ್ದರೂ ಕಂಪ್ಯೂಟರಿನಲ್ಲೇ ಬರೆಯಬೇಕಂತೆ ಎಂದ. ನಾವು ಅಲ್ಲೇ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಬರೆದೆವು. ಎದುರಿನಿಂದ ಉತ್ತರಿಸಿದ್ದು ಯಂತ್ರ. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಎಂದಿತು. "ಇದಕ್ಕ ಹ್ಯಾಂಗ ಅರ್ಥ ಆಗತೈತಿ?" ಮಾಮಾ ಕೇಳಿದರು. ಕೊನೆಗೆ ಬಿಸ್ಕತ್ತಿನ ಡಬ್ಬಿಯನ್ನು ಸೆಕ್ಯುರಿಟಿಯವನಿಗೆ ಕೊಟ್ಟು, ಅವನ ಊರು, ಮನೆ, ಮಕ್ಕಳನ್ನು ವಿಚಾರಿಸಿಕೊಂಡು ವಾಪಸು ಹೊರಟರು.

ಶ್ರಾವ್ಯ ಬರೆದೂ ಬರೆದೂ ಬಿಲ್ಲಿನಲ್ಲಿ ಬಹುಪಾಲು ಮಾಫಿ ಮಾಡಿಸಿದಳು, ಉಳಿದದ್ದನ್ನು ಮಾಮಾ ಕಟ್ಟಿದರು. ಆದರೆ ಆ 'ಇಷ್ಟು ದಿನ'ದ ಗಡುವು ಅಷ್ಟರಲ್ಲಿ ಮುಗಿದುಹೋಗಿತ್ತು. ಖಾತೆ ತೆರೆದರೆ ಒಳಗೆ ಏನೂ ಇರಲಿಲ್ಲ. ಫೋಟೋಗಳು ಶ್ರಾವ್ಯಳ ಹಳೆಯ ಫೋನಿನಲ್ಲಿ ಇದ್ದವು, ಹೆಸರು ಮಾತ್ರ ಒಂದೂ ಇಲ್ಲ. ಹೆಸರಿಡಬೇಕಾದ ಕಣ್ಣಿಗೆ ಈ ವರ್ಷದಲ್ಲಿ ಅರ್ಧ ಬಣ್ಣ ಬೂದಿಯಾಗಿತ್ತು. ಮಾಮಾ ಒಂದು ಥಾನನ್ನು ಹೊಸ್ತಿಲಿಗೆ ಒಯ್ದು, ಕಣ್ಣು ಮುಚ್ಚಿ ತೆರೆದು, ಮತ್ತೆ ಮುಚ್ಚಿ ತೆರೆದು, ಹೆಸರಿಡದೆ ವಾಪಸು ತಂದಿಟ್ಟರು. ಅದನ್ನು ನೋಡಿ ನನಗೆ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಟಿಫಿನ್ ಡಬ್ಬಿ ತಂದ ಮಾಮಿ, ಫೋನು ಹಿಡಿದು ಮೂಲೆಯಲ್ಲಿ ಕುಳಿತಿದ್ದ ಶ್ರಾವ್ಯಳ ಹೆಗಲ ಮೇಲಿಂದ ಇಣುಕಿದರು.

"ಇದೇನು, ನಮ್ಮವ್ವನ ಸಿಟ್ಟು."

ಎಲ್ಲರೂ ತಲೆಯೆತ್ತಿದೆವು. ಶ್ರಾವ್ಯ ಮುಂದಿನ ಫೋಟೋ ಸರಿಸಿದಳು.

"ಇದು ಸಿಟ್ಟು ಇಳದ ಮ್ಯಾಲ. ಇದು ನಮ್ಮಣ್ಣನ ಮಾತು. ಇದು ನಮ್ಮಪ್ಪನ ಉಡುಗೊರಿ, ಇದು ನಮ್ಮ ಮನಿ ಚಹಾ. ಇದಲ್ಲ, ಇದು ಎರಡನೇ ಸಲ ಕಾಸಿದ್ದು."

"ಆಂಟಿ, ಇದೆಲ್ಲ ನಿಮಗೆ ನೆನಪುಂಟಾ?"

"ಇಷ್ಟು ವರ್ಷ ನಮ್ಮ ತವರುಮನಿಗೆ ಅಂದದ್ದು ನಾ ಹ್ಯಾಂಗ ಮರೀಲಿ? ಒಂದೂ ಮರತಿಲ್ಲ. ಬರಕೋ."

ಏನು ಹೇಳಲಿ! ಆನೆಗಾತ್ರದ ಯಂತ್ರ ಮರೆತದ್ದನ್ನು ಮಾಮಿಯ ಸಿಟ್ಟು ಕಾಪಾಡಿಕೊಂಡು ಬಂದಿತ್ತು. ಅವತ್ತಿನಿಂದ ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಮಾಮಿ ಏಜೆಂಟನ ಮೆತ್ತೆಯ ಕುರ್ಚಿಯಲ್ಲಿ ಕುಳಿತು ಹೆಸರು ಹೇಳುತ್ತಾರೆ, ಶ್ರಾವ್ಯ ಬರೆದುಕೊಳ್ಳುತ್ತಾಳೆ, ಕಾಸು ಕೊಟ್ಟು ತಂದ ಹಾರ್ಡ್ ಡಿಸ್ಕಿನಲ್ಲಿ ಒಂದು ಕಾಪಿ ಅಂಗಡಿಯಲ್ಲಿ, ಇನ್ನೊಂದು ಮನೆಯ ಬೀರುವಿನಲ್ಲಿ. ಮಾಮಾ ಪಕ್ಕದಲ್ಲಿ ಕುಳಿತು, ಗೊತ್ತಿಲ್ಲದವರಂತೆ ಬೇರೆ ಕಡೆ ನೋಡುತ್ತಾರೆ.

ಮೊನ್ನೆ ನಾನು ಹೋದಾಗಲೂ ಇದೇ ನಡೆದಿತ್ತು. ಒಂದು ಫೋಟೋ ಬಂದಾಗ ಮಾಮಿ ತಡೆದರು.

"ಇದು ಯಾವುದ್ರಿ? ಇದಕ್ಕ ಯಾರಿಗೆ ಬೈದೀರಿ? ನಂಗ ನೆಪ್ಪಾಗವಲ್ದು."

"ಹ್ಯಾಂಗೈತಿ, ಹೇಳು."

"ಮಾವಿನ ಚಿಗುರು ಇರ್ತೈತಲ್ಲ, ಎಲಿ ಹಸರಾಗೂ ಮೊದಲು, ಹಂಗ. ಸ್ವಲ್ಪ ತಾಮ್ರದಾಂಗ."

ಮಾಮಾ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದರು. "ಅದು ಮಾರೂದಲ್ಲ. ತಂಗಿ, ಮುಂದಿಂದು ತೋರಸು."

"ಯಾಕ ಮಾರೂದಲ್ಲ?"

"ನಿನ್ನ ನೋಡಾಕ ಶಹಾಬಾದಿಗೆ ಬಂದಿದ್ದೆ ಅಲ್ಲ, ಅವತ್ತ ನೀ ಅದ ಬಣ್ಣದ ಸೀರಿ ಉಟ್ಟಿದ್ದಿ. ಕುಪ್ಪಸ ಹೊಂದಿರಲಿಲ್ಲ. ಅವತ್ತಿಂದ ಅದರ ಜೋಡಿ ಹುಡುಕಿದೆ. ಸಿಗೂದರಾಗ ಮಗಳು ಸಾಲಿಗೆ ಹೊಂಟಿದ್ದಳು. ಸಿಕ್ಕ ಮ್ಯಾಲ ಕತ್ತರಿ ಹಾಕಾಕ ಮನಸ್ಸಾಗಲಿಲ್ಲ. ಹೆಸರಿಟ್ರ ಗಿರಾಕಿ ಕೇಳ್ತಾರ. ಅದಕ್ಕ ಹೆಸರೂ ಇಡಲಿಲ್ಲ."

ಶ್ರಾವ್ಯ ಫೋನು ಕೆಳಗಿಟ್ಟಳು. ಮಾಮಿ ಕುರ್ಚಿಯಲ್ಲೇ ಮಾಮಾನ ಕಡೆ ತಿರುಗಿದರು:

"ಈಗ ಕಾಣತೈತೇನ್ರಿ ಆ ಬಣ್ಣ?"

"ಬಿಸಲಿಗೆ ಹಿಡದ್ರ ಸ್ವಲ್ಪ ಸ್ವಲ್ಪ ಕಾಣತೈತಿ."

ಮಾಮಿ ಎದ್ದರು. "ತಮ್ಮಾ, ಆ ಥಾನ್ ಇಳಸು" ಎಂದರು ನನಗೆ. ಮಾಮಾ ತೋರಿಸಿದ ಮೇಲಿನ ಅಡ್ಡಹಲಗೆಯ ಮೂಲೆಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಇತ್ತು. ಧೂಳು ಕೊಡವಿ ಮಾಮಾನ ಮುಂದಿಟ್ಟೆ. ಮಾಮಿ ಕತ್ತರಿಯನ್ನು ಅವರ ಕೈಗೆ ಕೊಟ್ಟರು.

"ಕತ್ತರಸ್ರಿ. ಆ ಸೀರಿ ಇನ್ನೂ ನನ್ನ ಟ್ರಂಕಿನಾಗ ಐತಿ. ನಿಮಗ ಇನ್ನೂ ಕಾಣಾಕತ್ತೈತಿ, ಅಷ್ಟರಾಗ ಒಮ್ಮೆ ಉಟ್ಕೊಂಡು ತೋರಸ್ತೀನಿ."

ಮಾಮಾ ಥಾನನ್ನು ಹೊಸ್ತಿಲಿಗೆ ಒಯ್ದರು. ನಾನು ಒಂದು ತುದಿ ಹಿಡಿದೆ, ಶ್ರಾವ್ಯ ಇನ್ನೊಂದು. ಸಾವಿರಾರು ಬ್ಲೌಸ್ ಪೀಸುಗಳನ್ನು ಅಳತೆಪಟ್ಟಿಯಿಲ್ಲದೆ ನೇರವಾಗಿ ಕತ್ತರಿಸಿದ ಕೈ ಮಾಮಾನದು. ಈ ಸಲ ಕತ್ತರಿ ಸ್ವಲ್ಪ ಸೊಟ್ಟಗೆ ಹೋಯಿತು. ಮಾಮಿ ನೋಡಿದರು. ಪೀಸನ್ನು ಮಡಿಸಿ ಖಾಲಿ ಟಿಫಿನ್ ಚೀಲದಲ್ಲಿ ಇಟ್ಟುಕೊಂಡು, ದರ್ಜಿ ಅಂಗಡಿ ಮುಚ್ಚುವುದರೊಳಗೆ ಹೋಗಬೇಕು ಅಂತ ಬೇಗಬೇಗ ಮೆಟ್ಟಿಲಿಳಿದು ಹೊರಟರು.